ಮನೆ ಬೇರೆ, ಬೀಗ ಬೇರೆ

ಬಾಗಿಲು ತಟ್ಟಿದ ಸದ್ದು ಕೇಳಿದೊಡನೆ ಒಳಗಿನಿಂದ ಹೊರಡುವ ಮೊದಲ ಮಾತು "ಯಾರದು?" ಎಂಬುದು. "ನಾನು" ಎಂಬಷ್ಟು ಉತ್ತರ ಬಂದರೆ ಸಾಕು, ಮನೆಯವರು ದನಿಯಿಂದಲೇ ಗುರುತಿಸಿ ಅಗುಳಿ ತೆಗೆಯುತ್ತಾರೆ. ಗಣಕಯಂತ್ರಕ್ಕೆ ಈ ಸೌಲಭ್ಯವಿಲ್ಲ. ಬಂದವರು ಯಾರೆಂಬುದನ್ನು ಅದು ಪ್ರತಿಸಲವೂ ಹೊಸದಾಗಿ ಕೇಳಿ, ಹೇಳಿದ್ದು ನಿಜವೇ ಎಂದು ತಾಳೆ ನೋಡಬೇಕಾಗುತ್ತದೆ. ಬ್ಯಾಂಕಿನ ಲೆಕ್ಕ, ಪಿಂಚಣಿಯ ಕಾಗದ, ಆಸ್ಪತ್ರೆಯ ದಾಖಲೆ, ಮಕ್ಕಳ ಅಂಕಪಟ್ಟಿ ಇವೆಲ್ಲವೂ ಇಂದು ಗಣಕದ ಒಡಲನ್ನು ಸೇರಿರುವುದರಿಂದ, ಈ ತಾಳೆ ನೋಡುವ ಕೆಲಸ ತಪ್ಪಿದರೆ ಆಗುವ ನಷ್ಟ ಯಂತ್ರದ್ದಲ್ಲ, ನಮ್ಮದು.

ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ಹೊಸೂರಿನಿಂದ ಆದವಾನಿಯವರೆಗೆ ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಗಣಕಕ್ಕೆ ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಮುಗಳನ್ನು, ಬರೆಯುವ ಉದ್ಯೋಗದಲ್ಲಿದ್ದಾರೆ. ಅವರು ಹಗಲಿರುಳು ಎದುರಿಸುವ ಒಂದು ಪ್ರಶ್ನೆಯನ್ನು ಹಿರಿಯರೂ ತಿಳಿಯುವುದು ಒಳ್ಳೆಯದು. ಬಂದವರ ಗುರುತನ್ನು ಪರೀಕ್ಷಿಸುವ ಹೊಣೆ ಯಾರದು? ಪ್ರತಿಯೊಂದು ಪ್ರೋಗ್ರಾಮಿನದೇ, ಅಥವಾ ಎಲ್ಲಕ್ಕೂ ಸಾಮಾನ್ಯವಾದ ಒಬ್ಬ ಕಾವಲುಗಾರನದೇ?

ಗುಟ್ಟಿನ ಪದದ ಹುಟ್ಟು

ಪಾಸ್‌ವರ್ಡ್ ಎಂದು ಎಲ್ಲರ ಬಾಯಲ್ಲಿ ನಿಂತಿರುವ ಗುಟ್ಟಿನ ಪದ ಗಣಕಕ್ಕೆ ಕಾಲಿಟ್ಟದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ಮುಂದಾಳುತನದಲ್ಲಿ, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯೊಂದು ಸಿದ್ಧವಾಯಿತು. ಒಬ್ಬನ ಕಡತವನ್ನು ಇನ್ನೊಬ್ಬ ನೋಡದಿರಲೆಂದು ತಲೆಗೊಂದು ಗುಟ್ಟಿನ ಪದ ಕೊಟ್ಟರು. ಆದರೆ ಪದಗಳೆಲ್ಲವನ್ನೂ ಇದ್ದಂತೆಯೇ ಒಂದು ಕಡತದಲ್ಲಿ ಬರೆದಿಟ್ಟಿದ್ದರು. 1966ರಲ್ಲಿ ಒಮ್ಮೆ ಇಬ್ಬರು ಒಂದೇ ಹೊತ್ತಿನಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದಾಗ, ದಿನದ ಪ್ರಕಟಣೆಯ ಕಡತವೂ ಪಾಸ್‌ವರ್ಡುಗಳ ಕಡತವೂ ಅದಲುಬದಲಾದವು. ಅಂದು ಯಂತ್ರದ ಮುಂದೆ ಕುಳಿತವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಗುಟ್ಟೂ ಕಾಣಿಸಿತು.

ಈ ಬಗೆಯ ಅನಾಹುತಗಳಿಂದ ಕಲಿತ ಪಾಠವೆಂದರೆ, ಪದವನ್ನು ಇದ್ದಂತೆ ಕೂಡಿಡಬಾರದೆಂಬುದು. ಬೀಸಿದ ಹಿಟ್ಟಿನಿಂದ ಕಾಳು ಮರಳಿ ಬಾರದಷ್ಟೆ. ಹಾಗೆಯೇ ಪದವನ್ನು ಗಣಿತದಿಂದ ಬೀಸಿ, ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುವ ಪದ್ಧತಿ ಬಂತು. ಬಂದವನು ಹೇಳಿದ ಪದವನ್ನೂ ಬೀಸಿ ನೋಡುವುದು. ಎರಡೂ ಹಿಟ್ಟು ಒಂದೇ ಆದರೆ ಒಳಗೆ ಬಿಡುವುದು. 1979ರಲ್ಲಿ ಯೂನಿಕ್ಸ್ ವ್ಯವಸ್ಥೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಬಂಧ ಇದಕ್ಕೊಂದು ಚಿಟಿಕೆ 'ಉಪ್ಪು' ಸೇರಿಸುವ ಉಪಾಯವನ್ನು ವಿವರಿಸಿತು. ಬಳಸುವವರ ಪದಕ್ಕೆ ಬೇರೆ ಬೇರೆ ಉಪ್ಪು ಬೀಳುವುದರಿಂದ ಒಂದೇ ಪದ 4096 ಬಗೆಯಲ್ಲಿ ಹಿಟ್ಟಾಗಬಲ್ಲದು. ಕಳ್ಳನ ದುಡಿಮೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಅದೇ ಪ್ರಬಂಧದಲ್ಲಿ ಕಣ್ತೆರೆಸುವ ಇನ್ನೊಂದು ಸಂಗತಿಯಿದೆ. ಅವರು ಕಲೆಹಾಕಿದ 3289 ಪಾಸ್‌ವರ್ಡುಗಳಲ್ಲಿ 2831, ಎಂದರೆ ನೂರಕ್ಕೆ 86, ತೀರ ಚಿಕ್ಕವು ಇಲ್ಲವೆ ನಿಘಂಟು, ಹೆಸರಿನ ಪಟ್ಟಿಗಳಲ್ಲಿ ಸಿಗುವಂಥವು. ಬೀಗ ಎಷ್ಟೇ ಗಟ್ಟಿಯಾದರೂ ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟರೆ ಏನು ಫಲ?

ಬಾಗಿಲಿಗೊಂದು ಬೀಗದ ಗೋಳು

ಪಾಸ್‌ವರ್ಡ್ ಕೇಳುವ ಬಾಗಿಲು ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಯಂತ್ರದೊಳಗೆ ಪ್ರವೇಶಿಸಲು ಒಂದು ಪ್ರೋಗ್ರಾಮು, ದೂರದ ಊರಿನಿಂದ ಬರಲು ಮತ್ತೊಂದು, ಕಡತ ಸಾಗಿಸಲು ಮಗದೊಂದು, ಮೇಲಧಿಕಾರಿಯ ಅಧಿಕಾರ ಪಡೆಯಲು ಇನ್ನೊಂದು. ಇವುಗಳಲ್ಲಿ ಪ್ರತಿಯೊಂದೂ ಗುರುತು ನೋಡುವ ವಿಧಾನವನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. ಮುಂದೆ ಎಂ.ಐ.ಟಿ.ಯ ಕೆರ್ಬರೋಸ್ ಎಂಬ ಹೊಸ ವಿಧಾನ, ಒಮ್ಮೆ ಮಾತ್ರ ಸಲ್ಲುವ ಪದಗಳು, ಚಿಪ್ಪುಳ್ಳ ಕಾರ್ಡುಗಳು ಒಂದರ ಹಿಂದೊಂದು ಬಂದಾಗ, ಹೊಸದೊಂದನ್ನು ಸೇರಿಸಬೇಕಾದರೆ ಎಲ್ಲ ಪ್ರೋಗ್ರಾಮುಗಳನ್ನೂ ಬಿಚ್ಚಿ ತಿದ್ದಿ ಮತ್ತೆ ಹೊಲಿಯಬೇಕಾಯಿತು. ಬೀಗ ಬದಲಿಸಲೆಂದು ಗೋಡೆಯನ್ನೇ ಕೆಡವಿ ಕಟ್ಟಿದಂತೆ! ಒಂದರಲ್ಲಿ ತಿದ್ದಿ ಇನ್ನೊಂದನ್ನು ಮರೆತರಂತೂ ಮುಂಬಾಗಿಲು ಭದ್ರವಾಗಿ ಹಿತ್ತಿಲ ಬಾಗಿಲು ತೆರೆದೇ ಉಳಿಯುತ್ತಿತ್ತು.

ಬೀಗವನ್ನು ಬೇರ್ಪಡಿಸಿದ ಬಗೆ

1995ರ ಅಕ್ಟೋಬರಿನಲ್ಲಿ ಸನ್‌ಸಾಫ್ಟ್ ಸಂಸ್ಥೆಯ ವಿಪಿನ್ ಸಮರ್ ಮತ್ತು ರೋಲಂಡ್ ಶೆಮರ್ಸ್ ಈ ಗೋಳಿಗೆ ಪರಿಹಾರವೊಂದನ್ನು ಬರೆದು ಎಲ್ಲರ ವಿಮರ್ಶೆಗೆ ಮುಂದಿಟ್ಟರು. ಅದರ ಹೆಸರು ಪ್ಲಗಬಲ್ ಅಥೆಂಟಿಕೇಶನ್ ಮಾಡ್ಯೂಲ್ಸ್, ಚಿಕ್ಕದಾಗಿ 'ಪ್ಯಾಮ್'. ಬೇಕಾದಾಗ ಸೇರಿಸಿ ಬೇಡವಾದಾಗ ಕಳಚಬಹುದಾದ, ಗುರುತು ಪರೀಕ್ಷಿಸುವ ಬಿಡಿಭಾಗಗಳೆಂದು ಇದರ ಅರ್ಥ. 1996ರಲ್ಲಿ ಇದು ಲಿನಕ್ಸಿಗೆ ಬಂತು. ಫ್ರೀ ಬಿ.ಎಸ್.ಡಿ., ಆಪಲ್ ಸಂಸ್ಥೆಯ ಮ್ಯಾಕ್ ಮುಂತಾದವುಗಳಲ್ಲಿಯೂ ಇಂದು ಇದರ ರೂಪವೊಂದು ಇದೆ.

ಪ್ಯಾಮ್ ಒಂದು ಲೈಬ್ರರಿ. ಗಣಕದವರ ಮಾತಿನಲ್ಲಿ ಲೈಬ್ರರಿಯೆಂದರೆ ಪುಸ್ತಕಾಲಯವಲ್ಲ. ಹಲವು ಪ್ರೋಗ್ರಾಮುಗಳು ಬೇಕೆಂದಾಗ ಕರೆದು ಬಳಸಿಕೊಳ್ಳುವ ಸಿದ್ಧ ಭಾಗಗಳ ಉಗ್ರಾಣ. ಪ್ರೋಗ್ರಾಮು ಇದನ್ನು ಕರೆದು, "ಬಾಗಿಲಿಗೆ ಒಬ್ಬರು ಬಂದಿದ್ದಾರೆ, ವಿಚಾರಿಸು" ಎನ್ನುತ್ತದೆ. ಲೈಬ್ರರಿ ವಿಚಾರಿಸಿ "ಬಿಡು" ಅಥವಾ "ಬೇಡ" ಎಂದಷ್ಟೇ ಉತ್ತರ ಕೊಡುತ್ತದೆ. ಪದದಿಂದಲೋ, ಬೆರಳಚ್ಚಿನಿಂದಲೋ, 30 ಸೆಕೆಂಡಿಗೊಮ್ಮೆ ಬದಲಾಗುವ ಅಂಕಿಗಳಿಂದಲೋ ಪರೀಕ್ಷೆ ನಡೆದದ್ದೆಂಬುದು ಪ್ರೋಗ್ರಾಮಿಗೆ ತಿಳಿಯಬೇಕಾಗಿಯೇ ಇಲ್ಲ. ಯಾವ ಬಾಗಿಲಿಗೆ ಯಾವ ಪರೀಕ್ಷೆಯೆಂಬುದನ್ನು ಯಂತ್ರದ ಮೇಲ್ವಿಚಾರಕನು ಒಂದು ಕಡತದಲ್ಲಿ ಸಾಲುಸಾಲಾಗಿ ಬರೆದಿಡುತ್ತಾನೆ. ನಾಳೆ ಹೊಸ ಬಗೆಯ ಬೀಗ ಬಂದರೆ ತಿದ್ದಬೇಕಾದದ್ದು ಆ ಕಡತದ ಒಂದೆರಡು ಸಾಲು ಮಾತ್ರ.

ಗುರುತು ಒಂದು, ಅರ್ಹತೆ ಇನ್ನೊಂದು

ಪ್ಯಾಮ್ ತನ್ನ ಕೆಲಸವನ್ನು ನಾಲ್ಕು ಭಾಗ ಮಾಡಿಕೊಂಡಿದೆ. ಮೊದಲನೆಯದು, ಬಂದವನು ತಾನು ಹೇಳಿಕೊಂಡವನೇ ಹೌದೇ ಎಂಬುದು. ಎರಡನೆಯದು, ಹೌದಾದರೂ ಅವನಿಗೆ ಈಗ ಒಳಗೆ ಬರುವ ಹಕ್ಕಿದೆಯೇ, ಖಾತೆಯ ಅವಧಿ ಮುಗಿದಿದೆಯೇ ಎಂಬುದು. ಮೂರನೆಯದು, ಪದವನ್ನು ಬದಲಿಸುವ ಏರ್ಪಾಡು. ನಾಲ್ಕನೆಯದು, ಒಳಗೆ ಬಂದವನಿಗೆ ಜಾಗ ಅಣಿಮಾಡಿ, ಹೊರಟಾಗ ಲೆಕ್ಕ ಮುಗಿಸುವುದು.

ಮೊದಲೆರಡನ್ನು ಬೇರೆಯಾಗಿ ಇರಿಸಿದುದರ ಬೆಲೆ ಗಡಿನಾಡಿನವರಿಗೆ ಚೆನ್ನಾಗಿ ಅರ್ಥವಾದೀತು. ಕಾಸರಗೋಡಿನ ಕನ್ನಡಿಗನ ಶಾಲೆಯ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲಿ, ಪಡಿತರ ಚೀಟಿಯಲ್ಲಿ ಮಲೆಯಾಳದಲ್ಲಿ. ಎರಡರ ಕಾಗುಣಿತ ಕೂಡದಿದ್ದರೆ 'ನೀನು ಯಾರು' ಎಂಬ ಪ್ರಶ್ನೆಯೇ 'ನಿನಗೆ ಹಕ್ಕಿದೆಯೇ' ಎಂಬುದರೊಡನೆ ಗಂಟುಬೀಳುತ್ತದೆ. ಇವೆರಡೂ ಬೇರೆ ಪ್ರಶ್ನೆಗಳು. ಎರಡನ್ನೂ ಕೇಳಬೇಕು, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬಾರದು.

ಪ್ರೋಗ್ರಾಮು ಬರೆಯುವವರು ಮೊದಲ ಪ್ರಶ್ನೆ ಕೇಳಿ ಎರಡನೆಯದನ್ನು ಬಿಟ್ಟರೆ, ಅವಧಿ ಮುಗಿದ ಖಾತೆಗೂ ಬಾಗಿಲು ತೆರೆಯುತ್ತದೆ. ಇದಕ್ಕೆ ಹತ್ತಿರದ ಒಂದು ನಿದರ್ಶನ ಹೀಗಿದೆ. ಲಿನಕ್ಸಿನಲ್ಲಿ ಕೆಲಸ ಬಿಟ್ಟುಹೋದವನ ಪಾಸ್‌ವರ್ಡನ್ನು ಮಾತ್ರ ಮುಚ್ಚಿದರೆ, ಅವನು ಮೊದಲೇ ಇರಿಸಿದ್ದ ಎಸ್.ಎಸ್.ಎಚ್. ಬೀಗದ ಕೈಯಿಂದ ಮತ್ತೆ ಒಳಗೆ ಬರಲು ಸಾಧ್ಯವಾಗಬಹುದು. ಖಾತೆಯ ಅವಧಿಯನ್ನೇ ಕೊನೆಗಾಣಿಸಬೇಕೆಂದು ಕೈಪಿಡಿಯೇ ಎಚ್ಚರಿಸುತ್ತದೆ.

ಸಾಲಿನ ಮಹಿಮೆ

ಕಡತದ ಪ್ರತಿ ಸಾಲಿಗೂ ಒಂದು ಅಧಿಕಾರದ ಪದವಿರುತ್ತದೆ. 'ರಿಕ್ವೈರ್ಡ್' ಎಂದಿದ್ದರೆ ಆ ಪರೀಕ್ಷೆ ಗೆಲ್ಲಲೇಬೇಕು. ಸೋತರೂ ಉಳಿದ ಪರೀಕ್ಷೆಗಳು ನಡೆದೇ ತೀರುತ್ತವೆ. ಎಲ್ಲಿ ಸೋತೆನೆಂಬುದು ಕಳ್ಳನಿಗೆ ತಿಳಿಯಬಾರದಷ್ಟೆ! 'ರಿಕ್ವಿಸಿಟ್' ಎಂದಿದ್ದರೆ ಸೋತ ಕ್ಷಣವೇ ಹೊರಗೆ. 'ಸಫಿಶಿಯೆಂಟ್' ಎಂದರೆ, ಹಿಂದಿನ ಕಡ್ಡಾಯದ ಪರೀಕ್ಷೆಗಳಲ್ಲಿ ಸೋಲದಿದ್ದರೆ ಇದೊಂದನ್ನು ಗೆದ್ದರೆ ಸಾಕು. 'ಆಪ್ಶನಲ್' ಸಾಮಾನ್ಯವಾಗಿ ತೀರ್ಪಿನಲ್ಲಿ ಸೇರುವುದಿಲ್ಲ. ಸಾಲುಗಳ ಹಿಂದುಮುಂದು ಬದಲಾದರೆ ಅರ್ಥವೇ ಬದಲಾಗುತ್ತದೆ. ಯಾರನ್ನೂ ತಡೆಯದ 'ಪರ್ಮಿಟ್' ಎಂಬ ಭಾಗವನ್ನು 'ಸಫಿಶಿಯೆಂಟ್' ಎಂದು ತಲೆಯ ಮೇಲೆ ಬರೆದರೆ, ಕೆಳಗಿನ ಕಾವಲೆಲ್ಲ ಬರಿಯ ಅಲಂಕಾರ. ಆದ್ದರಿಂದ ತಿಳಿದವರು ಸಂದೇಹವಿದ್ದಲ್ಲಿ ಎಲ್ಲರನ್ನೂ ತಡೆಯುವ 'ಡಿನೈ' ಭಾಗವನ್ನು ಇಡುತ್ತಾರೆ. ಹೆಸರಿಸದ ಬಾಗಿಲುಗಳಿಗೆಂದು ಇರುವ 'ಅದರ್' ಎಂಬ ಕಡತದಲ್ಲಿಯೂ ಅದನ್ನೇ ಬರೆಯುತ್ತಾರೆ. ಈ ಕಡತಗಳನ್ನು ತಿದ್ದುವಾಗ ಅಧಿಕಾರವುಳ್ಳ ಇನ್ನೊಂದು ಪ್ರವೇಶವನ್ನು ತೆರೆದೇ ಇಟ್ಟುಕೊಳ್ಳುವುದು ವಾಡಿಕೆ. ಇಲ್ಲವಾದರೆ ಯಜಮಾನನೇ ಹೊರಗುಳಿದಾನು.

ಹಂಚಿಕೊಂಡ ಬೀಗದ ಅಪಾಯ

ಹೀಗೆಂದ ಮಾತ್ರಕ್ಕೆ ಲೈಬ್ರರಿಯನ್ನು ಕಣ್ಣು ಮುಚ್ಚಿ ನಂಬಬಹುದೆಂದಲ್ಲ. ಎಲ್ಲ ಮನೆಗಳಿಗೂ ಒಂದೇ ಬೀಗವಾದಾಗ, ಆ ಬೀಗದ ಕೊರತೆ ಎಲ್ಲ ಮನೆಗಳ ಕೊರತೆಯಾಗುತ್ತದೆ. 2024ರ ಮಾರ್ಚ್ 29ರಂದು ಬಯಲಾದ ಪ್ರಕರಣ ಇದಕ್ಕೆ ಸಾಕ್ಷಿ. ಅದು ಪ್ಯಾಮ್‌ನದಲ್ಲ; ಕಡತಗಳನ್ನು ಅಡಕಗೊಳಿಸುವ 'ಎಕ್ಸ್‌ಜೆಡ್' ಎಂಬ ಲೈಬ್ರರಿಯದು. ಅದನ್ನು ಬಹುಕಾಲ ನೋಡಿಕೊಂಡಿದ್ದವರು ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದ ಒಬ್ಬರೇ. ಹೆಗಲು ಕೊಡುವ ನೆಪದಲ್ಲಿ ಬಂದ, ಮುಖ ತೋರದ ಒಬ್ಬ ವ್ಯಕ್ತಿ ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಗಿಂಡಿ ಕೊರೆದಿದ್ದ. ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಲೈಬ್ರರಿ ಸುತ್ತುಬಳಸಿನ ದಾರಿಯಿಂದ ಎಸ್.ಎಸ್.ಎಚ್. ಬಾಗಿಲಿನೊಳಕ್ಕೆ ಸೇರಿಕೊಳ್ಳುತ್ತಿತ್ತು. ಆಂಡ್ರೆಸ್ ಫ್ರೌಂಡ್ ಎಂಬ ತಂತ್ರಜ್ಞರು, ಬಾಗಿಲು ತೆರೆಯುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯೆಂಬುದನ್ನು ಗಮನಿಸಿ, ಕಾರಣವನ್ನು ಹುಡುಕುತ್ತ ಹೋಗಿ ಕಳ್ಳನನ್ನು ಬಯಲಿಗೆಳೆದರು. ಜಗತ್ತಿನ ಬಹುಪಾಲು ಯಂತ್ರಗಳಿಗೆ ಆ ಆವೃತ್ತಿಗಳು ತಲಪುವ ಮೊದಲೇ ತಡೆ ಬಿತ್ತು.

ಈ ಪ್ರಕರಣದಿಂದ, ಬೀಗವನ್ನು ತಾನೇ ಕುಟ್ಟಿಕೊಳ್ಳುವುದು ಲೇಸೆಂದು ತೀರ್ಮಾನಿಸಿದರೆ ತಪ್ಪಾದೀತು. ಒಬ್ಬನೇ ಕುಟ್ಟಿದ ಬೀಗವನ್ನು ಪರೀಕ್ಷಿಸುವ ಎರಡನೆಯ ಕಣ್ಣೇ ಇರುವುದಿಲ್ಲ. ಹಲವರ ಬೀಗವನ್ನಾದರೆ ಹಲವರು ನೋಡಬಲ್ಲರು. ಆದರೆ ನೋಡಬಲ್ಲರೆಂಬುದು ನೋಡಿದ್ದಾರೆಂಬುದಕ್ಕೆ ಸಮನಲ್ಲ. ಊರ ಕೆರೆಯ ನೀರು ಎಲ್ಲರಿಗೂ ಬೇಕು. ಹೂಳೆತ್ತುವ ದಿನ ಮಾತ್ರ ಯಾರೂ ಇಲ್ಲವೆಂದಾಗಬಾರದು.

ಆದುದರಿಂದ ಈ ವೃತ್ತಿಯಲ್ಲಿರುವ ನಮ್ಮ ಯುವಕ ಯುವತಿಯರು, ಗುರುತು ಪರೀಕ್ಷಿಸುವ ಕೆಲಸವನ್ನು ಪ್ರೋಗ್ರಾಮಿನಲ್ಲಿ ಬೆರೆಸದೆ, ಪಳಗಿದ ಲೈಬ್ರರಿಗೆ ಬಿಡಲಿ. ಅದರ ಹೊಸ ಆವೃತ್ತಿಗಳ ಮೇಲೆ ಕಣ್ಣಿಡಲಿ. ಸಾಧ್ಯವಾದರೆ ಅದನ್ನು ಸಾಕುವವರಿಗೆ ದುಡಿಮೆಯಿಂದಲೋ ಹಣದಿಂದಲೋ ನೆರವಾಗಲಿ. ಮನೆಯಲ್ಲಿರುವ ಹಿರಿಯರಿಗೂ ಇದರಲ್ಲಿ ಪಾಲುಂಟು. ಊರಿನ ಹೆಸರನ್ನೋ ಮೊಮ್ಮಗಳ ಹೆಸರನ್ನೋ ಪಾಸ್‌ವರ್ಡ್ ಮಾಡುವುದನ್ನು ಬಿಡೋಣ. ಬ್ಯಾಂಕಿಗೊಂದು, ಅಂಚೆಗೊಂದು ಬೇರೆ ಪದವನ್ನು ಇರಿಸೋಣ. ಪದದ ಜೊತೆಗೆ ಎರಡನೆಯ ಪರೀಕ್ಷೆ ದೊರೆಯುವಲ್ಲಿ ಅದನ್ನು ಬೇಸರಿಸದೆ ಒಪ್ಪಿಕೊಳ್ಳೋಣ. ಫೋನಿಗೆ ಬಂದ ಅಂಕಿಗಳನ್ನು, ಕೇಳಿದವರು ಎಷ್ಟು ನಯವಾಗಿ ಕನ್ನಡದಲ್ಲಿಯೇ ಮಾತಾಡಿದರೂ, ಹೇಳದಿರೋಣ. ಕಾವಲುಗಾರನು ಎಷ್ಟೇ ನಿಷ್ಠಾವಂತನಾಗಿರಲಿ, ಬೀಗದ ಕೈಯನ್ನು ನಾವೇ ಕಿಟಕಿಯಿಂದ ಕೊಟ್ಟರೆ ಅವನೇನು ಮಾಡಿಯಾನು?