ಪಿಗ್ಮಿಯೂ ಮುಡಿಪೂ

ಕರಾವಳಿಯ ಯಾವುದಾದರೂ ಪೇಟೆಯ ಜಿನಸಿ ಅಂಗಡಿಯ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ದಿನದ ಉಳಿತಾಯ ಕೂಡಿಸುವ ಪಿಗ್ಮಿಯವರು ಬರುತ್ತಾರೆ. ಅಂಗಡಿಯವರು ಗಲ್ಲಾದಿಂದ ನೂರೋ ಇನ್ನೂರೋ ತೆಗೆದು ಕೊಟ್ಟು, ಗಿರಾಕಿಗೆ ಸಕ್ಕರೆ ಕಟ್ಟುತ್ತಲೇ ಒಂದು ಕಣ್ಣನ್ನು ಪಿಗ್ಮಿಯವರ ಕೈಯಲ್ಲಿರುವ ಪುಟ್ಟ ಯಂತ್ರದ ಮೇಲೆ ಇಟ್ಟಿರುತ್ತಾರೆ. ಚೀಟಿ ಹೊರಗೆ ಬರಬೇಕು. ಅದರಲ್ಲಿ ಇವತ್ತಿನ ತಾರೀಕು, ಕೊಟ್ಟ ಮೊತ್ತ, ಈವರೆಗಿನ ಒಟ್ಟು ಜಮೆ ಸರಿಯಾಗಿರಬೇಕು. ಹತ್ತು ವರ್ಷದಿಂದ ಅದೇ ಮನುಷ್ಯ ಬರುತ್ತಿದ್ದರೂ, ಮಗಳ ಮದುವೆಗೆ ಅವರನ್ನು ಕರೆದಿದ್ದರೂ, ಚೀಟಿ ನೋಡುವುದು ತಪ್ಪುವುದಿಲ್ಲ. ಅದರಿಂದ ಪಿಗ್ಮಿಯವರಿಗೆ ಬೇಸರವೂ ಇಲ್ಲ.

ಅದೇ ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಪಟದ ಕೆಳಗಿನ ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿರುತ್ತಾರೆ. ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು ದೇವರ ಕೋಣೆಯಲ್ಲಿರುತ್ತದೆ. ಅದಕ್ಕೆ ಚೀಟಿಯಿಲ್ಲ, ಜಮೆ ಖರ್ಚಿನ ಪುಸ್ತಕವಿಲ್ಲ. ಆಸ್ಪತ್ರೆಗೆ ಹೋದವರು ಗುಣವಾಗದೆ ತೀರಿಕೊಂಡರೂ, ಎಷ್ಟೋ ಮನೆಗಳಲ್ಲಿ ಆ ಮುಡಿಪು ಕ್ಷೇತ್ರಕ್ಕೆ ಹೋಗಿ ಸೇರುತ್ತದೆ.

ಎರಡಕ್ಕೂ ನಾವು ನಂಬಿಕೆ ಎಂದೇ ಹೇಳಿ ಮುಂದೆ ಹೋಗುತ್ತೇವೆ. ಈ ಅಧ್ಯಾಯದ ಮಟ್ಟಿಗೆ ಮೊದಲನೆಯದನ್ನು ನಂಬಿಕೆ ಎಂದೂ ಎರಡನೆಯದನ್ನು ಶ್ರದ್ಧೆ ಎಂದೂ ಕರೆಯೋಣ. ಒಂದು ಮೇಲು, ಇನ್ನೊಂದು ಕೀಳು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಎರಡರ ಕರಾರು ಬೇರೆ ಬೇರೆ, ಅಷ್ಟೆ. ಆ ಕರಾರನ್ನು ಮರೆತಲ್ಲಿ ಜನ ದುಡ್ಡು ಕಳೆದುಕೊಂಡಿದ್ದಾರೆ, ಅದಕ್ಕಿಂತ ಹೆಚ್ಚಿನದನ್ನೂ ಕಳೆದುಕೊಂಡಿದ್ದಾರೆ.

ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ. ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ 1925ರಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅದರ ಮೊದಲ ಗುರಿಯಾಗಿತ್ತು. 1928ರಲ್ಲಿ ಅವರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕೂಡಿಸುವ ಪಿಗ್ಮಿ ಠೇವಣಿ ಶುರುಮಾಡಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಮೀನು ಮಾರುವವರು, ಹೂ ಕಟ್ಟುವವರು, ಬೀಡಿ ಸುತ್ತುವವರು ಬೆವರಿನ ದುಡ್ಡನ್ನು ಒಬ್ಬ ಅಪರಿಚಿತನ ಕೈಗೆ ಹಾಕಬೇಕಾಗಿತ್ತು. ಹಾಕಿದರು. ಅವರ ಕೈಯಲ್ಲಿ ಒಂದು ಲೆಕ್ಕ ಇತ್ತು ಎನ್ನುವುದೇ ಅದಕ್ಕೆ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ದುಡ್ಡು ಕೊಟ್ಟ ದಿನ ಅದು ಬರಹಕ್ಕೆ ಬರುತ್ತಿತ್ತು. ಅವಧಿ ಮುಗಿದಾಗ ಬಡ್ಡಿ ಸಮೇತ ವಾಪಸ್ಸು ಬರುತ್ತಿತ್ತು. ಒಮ್ಮೆ ಬಂದ ಮೇಲೆ ಪಕ್ಕದ ಮನೆಯವರೂ ಖಾತೆ ತೆಗೆಯುತ್ತಿದ್ದರು.

ನಂಬಿಕೆ ಬೆಳೆಯುವ ದಾರಿ ಇದು. ಅದರಲ್ಲಿ ಯಾವಾಗಲೂ ಯಾರನ್ನು, ಯಾವ ಕೆಲಸಕ್ಕೆ ಎಂಬ ಎರಡು ಪ್ರಶ್ನೆಗಳು ಅಡಗಿರುತ್ತವೆ. ಪಿಗ್ಮಿಯವರನ್ನು ದುಡ್ಡಿನ ವಿಷಯದಲ್ಲಿ ನಂಬಿದವರು ಹಲ್ಲು ಕೀಳಿಸಲು ಅವರ ಬಳಿ ಹೋಗುವುದಿಲ್ಲ. ಒಳ್ಳೆಯ ದಂತವೈದ್ಯರಿಗೆ ಮನೆಯ ಕಾಗದಪತ್ರ ಒಪ್ಪಿಸುವುದೂ ಇಲ್ಲ. ನಂಬಿಕೆಗೆ ಗಡಿ ಇರುವುದು ಕೊರತೆಯಲ್ಲ, ಗಡಿ ಇರುವುದರಿಂದಲೇ ಅದು ಗಟ್ಟಿಯಾಗುತ್ತದೆ.

ನ್ಯೂಜಿಲೆಂಡಿನಲ್ಲಿ ಹುಟ್ಟಿದ ತತ್ವಶಾಸ್ತ್ರಜ್ಞೆ ಆನೆಟ್ ಬೇಯರ್ 1986ರ ಒಂದು ಪ್ರಬಂಧದಲ್ಲಿ ಇಲ್ಲೇ ಇನ್ನೊಂದು ಗೆರೆ ಎಳೆದರು. ಜರ್ಮನ್ ದಾರ್ಶನಿಕ ಕಾಂಟ್ ದಿನಾ ಒಂದೇ ಹೊತ್ತಿಗೆ ವಾಕಿಂಗ್ ಹೊರಡುತ್ತಿದ್ದರು, ನೆರೆಹೊರೆಯವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎಂಬ ಕತೆಯಿದೆ. ಒಂದು ದಿನ ಕಾಂಟ್ ಮಲಗಿಬಿಟ್ಟಿದ್ದರೆ ನೆರೆಹೊರೆಯವರಿಗೆ ತೊಂದರೆಯಾಗುತ್ತಿತ್ತು, ಆದರೆ ಕಾಂಟ್ ನಮಗೆ ಮೋಸ ಮಾಡಿದ ಎಂದು ಯಾರೂ ಹೇಳುತ್ತಿರಲಿಲ್ಲ. ನೆರೆಹೊರೆಯವರ ಯಾವುದನ್ನೂ ಕಾಂಟ್ ವಹಿಸಿಕೊಂಡಿರಲಿಲ್ಲವಲ್ಲ. ನಾವು ಒಬ್ಬರನ್ನು ನಂಬಿದಾಗ ನಮಗೆ ಬೇಕಾದ ಯಾವುದೋ ಒಂದನ್ನು ಅವರ ಕೈಗೆ ಕೊಟ್ಟಿರುತ್ತೇವೆ, ಅವರೂ ಅದನ್ನು ವಹಿಸಿಕೊಂಡಿರುತ್ತಾರೆ. ಅದಕ್ಕೇ ಬಸ್ಸು ತಡವಾದರೆ ಸಿಟ್ಟು ಬರುತ್ತದೆ, ಗೆಳೆಯ ಗುಟ್ಟು ಬಿಟ್ಟುಕೊಟ್ಟರೆ ಎದೆ ಒಡೆಯುತ್ತದೆ.

ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಓನೋರಾ ಓನೀಲ್ 2002ರಲ್ಲಿ ಬಿಬಿಸಿಯ ರೀತ್ ಉಪನ್ಯಾಸಗಳಲ್ಲಿ ಇದೇ ವಿಷಯ ಎತ್ತಿಕೊಂಡಿದ್ದರು. ಜನರಲ್ಲಿ ನಂಬಿಕೆ ಕಡಿಮೆಯಾಗುತ್ತಿದೆ, ಅದನ್ನು ಹೆಚ್ಚಿಸಬೇಕು ಎನ್ನುವ ಮಾತಿಗೆ ಅವರು ಸುಮ್ಮನೆ ತಲೆಯಾಡಿಸಲಿಲ್ಲ. ನಂಬಿಕೆಗೆ ಅರ್ಹರಾದವರನ್ನು ನಂಬುವುದು, ಅಲ್ಲದವರನ್ನು ನಂಬದಿರುವುದು ಬೇಕಾದದ್ದು ಎಂಬುದು ಅವರ ವಾದದ ತಿರುಳು. ಅವರು ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪ್ರಾಮಾಣಿಕತೆ, ಆ ಕೆಲಸದ ತಿಳಿವಳಿಕೆ, ಹೇಳಿದ ಹೊತ್ತಿಗೆ ಮಾಡುವ ನಡತೆ, ಇವನ್ನು ನೋಡಿ ತೂಗಬೇಕು. ತೂಗಿ ನೋಡುವುದು ಅವಮಾನವಲ್ಲ.

ಶ್ರದ್ಧೆಯ ಹತ್ತಿರ ಬಂದರೆ ಈ ತಕ್ಕಡಿ ಕೆಲಸ ಮಾಡುವುದಿಲ್ಲ. ಹಾಗೆಂದು ಶ್ರದ್ಧೆ ಎಂದರೆ ಪ್ರಶ್ನೆ ಕೇಳದೆ ಒಪ್ಪಿಕೊಳ್ಳುವುದು ಎಂದು ತಿಳಿಯುವುದೂ ತಪ್ಪು. ಕಠೋಪನಿಷತ್ತಿನ ನಚಿಕೇತನನ್ನು ನೆನಪಿಸಿಕೊಳ್ಳಿ. ತಂದೆ ಯಜ್ಞದಲ್ಲಿ ಸರ್ವಸ್ವವನ್ನೂ ದಾನ ಮಾಡುತ್ತೇನೆಂದು ಹೊರಟು, ಹಾಲು ಬತ್ತಿದ, ಮೇಯಲೂ ಶಕ್ತಿಯಿಲ್ಲದ ಮುದಿ ಹಸುಗಳನ್ನು ಕೊಡುತ್ತಿದ್ದಾನೆ. ಅದನ್ನು ಕಂಡ ಹುಡುಗನೊಳಗೆ ಶ್ರದ್ಧೆ ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಶ್ರದ್ಧೆ ಹೊಕ್ಕ ಹುಡುಗ ಕೈಮುಗಿದು ಸುಮ್ಮನಾಗಲಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ತಂದೆಯನ್ನು ಮತ್ತೆ ಮತ್ತೆ ಕೇಳಿದ. ಯಮನಿಗೆ ಎಂಬ ಉತ್ತರ ಬಂದಾಗ ಯಮನ ಮನೆಗೇ ಹೋದ, ಅಲ್ಲೂ ಪ್ರಶ್ನೆ ಬಿಡಲಿಲ್ಲ. ಅವನ ನಂಬಿಕೆ ತಂದೆಯ ಮೇಲೆ ಅಲುಗಿತ್ತು, ಶ್ರದ್ಧೆ ಮಾತ್ರ ದಾನ ಎಂಬುದರ ಮೇಲೆ ಅಲುಗದೆ ನಿಂತಿತ್ತು. ಎರಡೂ ಒಬ್ಬನೇ ಹುಡುಗನಲ್ಲಿ, ಒಂದೇ ಗಳಿಗೆಯಲ್ಲಿ.

ಶ್ರದ್ಧೆಗೆ ಖಾತ್ರಿಯೂ ಬೇಕಿಲ್ಲ. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ದೇವರು ತನ್ನ ಒಳಗೆ ಇಲ್ಲವೇ ಇಲ್ಲ ಎಂಬ ಕತ್ತಲೆಯಲ್ಲಿ ಅವರು ದಶಕಗಟ್ಟಲೆ ಇದ್ದುದು ಜಗತ್ತಿಗೆ ಗೊತ್ತಾಯಿತು. ಪತ್ರಕ್ಕೆ ಉತ್ತರ ಬಾರದ ಮನೆಗೆ ಯಾರೂ ಅಷ್ಟು ಕಾಲ ಸಾಲ ಕೊಡುವುದಿಲ್ಲ. ಅವರು ಮಾತ್ರ ಕೋಲ್ಕತ್ತದ ಬೀದಿಗಳಲ್ಲಿ ಅದೇ ಕೆಲಸ ಮಾಡುತ್ತಲೇ ಇದ್ದರು. ಇದನ್ನು ಲಾಭ ನಷ್ಟದ ಪುಸ್ತಕದಲ್ಲಿ ಬರೆಯಲು ಹೋದರೆ ನಮಗೆ ಅವರು ಅರ್ಥವಾಗುವುದಿಲ್ಲ. ಶ್ರದ್ಧೆ ಒಂದು ಬದುಕಿನ ದಿಕ್ಕು. ಅದು ನಿಂತಿರುವುದು ಪ್ರತಿಫಲದ ಮೇಲಲ್ಲ.

ನಂಬಿಕೆ, ಶ್ರದ್ಧೆ ಇವೆರಡನ್ನು ಒಂದಕ್ಕೊಂದು ಜಾಮೀನು ನಿಲ್ಲಿಸುವ ಹಳೆಯ ಪದ್ಧತಿಯೂ ನಮ್ಮಲ್ಲಿದೆ. ಅದೇ ಆಣೆ. ಮಾತು ಬಿಡದ ಮಂಜುನಾಥ ಎಂಬ ಮಾತಿನ ಬಲದಿಂದ ಎಷ್ಟೋ ಗಡಿ ತಕರಾರು, ಸಾಲದ ತಕರಾರು ಕೋರ್ಟಿಗೆ ಹೋಗದೆ ಧರ್ಮಸ್ಥಳದಲ್ಲೇ ಮುಗಿದಿವೆ. ನಿನ್ನನ್ನು ನಂಬಲಾರೆ, ಆದರೆ ನಿನ್ನ ಶ್ರದ್ಧೆಯನ್ನು ನಂಬುತ್ತೇನೆ ಎಂಬುದು ಅದರ ಒಳಗಿನ ಲೆಕ್ಕ. ಇಬ್ಬರಿಗೂ ಒಂದೇ ಶ್ರದ್ಧೆ ಇದ್ದಾಗ ಅದು ನಡೆಯುತ್ತದೆ. 2011ರ ಜೂನ್ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಅವರ ನಡುವಿನ ಆರೋಪ ಪ್ರತ್ಯಾರೋಪ ಆಣೆ ಪ್ರಮಾಣದ ಸವಾಲಿಗೆ ಬಂದು ನಿಂತಿತು. ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ದರ್ಶನ ಮಾಡಿದರು, ಪ್ರಮಾಣ ಮಾತ್ರ ಆಗಲಿಲ್ಲ. ಆಗದೇ ಇದ್ದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಸರ್ಕಾರದ ಕಡತದಲ್ಲಿ ಸಿಗಬೇಕಾದ ಉತ್ತರವನ್ನು ಗರ್ಭಗುಡಿಯ ಮುಂದೆ ಹುಡುಕಬಾರದು.

ನ್ಯಾಯಾಲಯಗಳು ಈ ವಿಷಯದಲ್ಲಿ ಜಾಣತನ ತೋರಿಸಿವೆ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿಯು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ಸತ್ಯನಿಷ್ಠೆಯ ಮೇಲೆ ದೃಢೀಕರಿಸಬಹುದು. ಶ್ರದ್ಧೆಗೆ ಅಲ್ಲಿ ಗೌರವ ಇದೆ. ಆದರೆ ಪ್ರಮಾಣ ಮುಗಿದ ಮೇಲೆ ಎದುರಿನ ವಕೀಲರು ಎದ್ದು ಪಾಟೀಸವಾಲು ಶುರುಮಾಡುತ್ತಾರೆ. ದೇವರ ಹೆಸರು ಹೇಳಿದವರಿಗೂ ಅದರಿಂದ ವಿನಾಯಿತಿ ಇಲ್ಲ.

ಈ ಪಾಟೀಸವಾಲು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಏಳೇ ತಿಂಗಳ ಅಂತರದಲ್ಲಿ ಎರಡು ಬಾರಿ ನೋಡಿತು. 2019ರ ಜೂನ್‌ನಲ್ಲಿ, ಧರ್ಮ ಒಪ್ಪುವ ಬಡ್ಡಿಯಿಲ್ಲದ ಹೂಡಿಕೆ ಎಂದು ಹಣ ಪಡೆದಿದ್ದ ಐ ಮಾನಿಟರಿ ಅಡ್ವೈಸರಿ ಸಂಸ್ಥೆ ಬಾಗಿಲು ಹಾಕಿತು. ಶಿವಾಜಿನಗರದಲ್ಲಿ ಅದರ ಮಳಿಗೆಯ ಮುಂದೆ ಹೂಡಿಕೆದಾರರು ಕಿಕ್ಕಿರಿದು ಸೇರಿದರು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹಾಕಿ, ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿ ಸಾಲು ನಿಂತವರಲ್ಲಿ ನಿವೃತ್ತಿಯ ಹಣವನ್ನೆಲ್ಲ ಇಟ್ಟಿದ್ದ ಹಿರಿಯರು ಬಹಳ. ಒಂದು ಕಡೆ ಬಡ್ಡಿ ಪಾಪ ಎಂದು ಬದುಕಿದವರು, ಇನ್ನೊಂದು ಕಡೆ ಗುರುವಾರ ತಪ್ಪದೆ ಮಠಕ್ಕೆ ಹೋಗುವವರು. ಅವರನ್ನು ದಡ್ಡರು ಎನ್ನುವವರ ಮಾತು ನನಗೆ ಸಹಿಸಲಾಗದು. ಅವರ ಶ್ರದ್ಧೆಯಲ್ಲಿ ಏನೂ ತಪ್ಪಿರಲಿಲ್ಲ. ಆ ಶ್ರದ್ಧೆಯನ್ನು ಲೆಕ್ಕಪತ್ರದ ಜಾಗದಲ್ಲಿ ತಂದು ಕೂರಿಸಲಾಗಿತ್ತು. ದೇವರ ಮೇಲೆ ಇಟ್ಟದ್ದನ್ನು ಮನುಷ್ಯರು ತಮ್ಮ ಖಾತೆಗೆ ಜಮೆ ಮಾಡಿಕೊಂಡರು.

ನಂಬಿಕೆ ಮುರಿಯಬಹುದು ಎಂದು ಒಪ್ಪಿಕೊಂಡೇ ಕಟ್ಟಿದ ಏರ್ಪಾಡೂ ನಮ್ಮಲ್ಲಿದೆ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದ ಪೆಟ್ಟಿನಿಂದ ದೇಶದಲ್ಲಿ ಠೇವಣಿ ವಿಮೆ ಬಂತು. 1962ರ ಜನವರಿ 1ರಂದು ಶುರುವಾದಾಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ಭದ್ರತೆ ಇತ್ತು. 1993ರಲ್ಲಿ ಅದು ಒಂದು ಲಕ್ಷವಾಯಿತು, 2020ರ ಫೆಬ್ರವರಿಯಲ್ಲಿ ಐದು ಲಕ್ಷ. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಈ ಹಣ ಸಿಗಬೇಕು ಎಂದು 2021ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ಠೇವಣಿದಾರರು ಏನೂ ಕೊಡಬೇಕಿಲ್ಲ.

ಆದರೆ ಈ ಭದ್ರತೆ ಇರುವುದು ಬ್ಯಾಂಕುಗಳಿಗೆ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರುತ್ತವೆ, ಪತ್ತಿನ ಸಹಕಾರ ಸಂಘಗಳು ಸೇರುವುದಿಲ್ಲ. ಬೀದಿ ಬೀದಿಯಲ್ಲಿ ದೇವರ, ಗುರುಗಳ, ಶರಣರ ಹೆಸರಿನ ಫಲಕ ಹೊತ್ತ ಸೊಸೈಟಿಗಳಿವೆ. ಚೆನ್ನಾಗಿ ನಡೆಯುತ್ತಿರುವವೂ ಅವುಗಳಲ್ಲಿ ಬೇಕಾದಷ್ಟಿವೆ. ಹಣ ಇಡುವ ಮುಂಚೆ ಕೌಂಟರಿನಲ್ಲಿ ಎರಡು ಮಾತು ಕೇಳಿ: ನಿಮಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ, ನನ್ನ ಠೇವಣಿಗೆ ವಿಮೆ ಇದೆಯೇ? ಅದು ಸಂಘವಾಗಿದ್ದು ನೀವು ಸದಸ್ಯರಾಗಿದ್ದರೆ, ವಾರ್ಷಿಕ ಮಹಾಸಭೆಗೆ ಹೋಗಿ ಲೆಕ್ಕಪರಿಶೋಧನಾ ವರದಿಯನ್ನು ತೆಗೆಸಿ ನೋಡಿ. ವಾಪಸ್ಸು ಬಾರದ ಸಾಲ ಎಷ್ಟು ಎಂಬ ಸಾಲನ್ನು ಮೊದಲು ಓದಿ.