ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ

ನಮ್ಮ ಮನೆಯ ಮಲಗುವ ಕೋಣೆಯಿಂದ ಬಚ್ಚಲುಮನೆಗೆ ಹದಿನಾಲ್ಕು ಹೆಜ್ಜೆ. ನಡುವೆ ಒಂದು ಹೊಸ್ತಿಲು. ಎರಡು ವರ್ಷದ ಹಿಂದೆ ಒಂದು ರಾತ್ರಿ ನನ್ನಾಕೆ ಎಡವಿ ಬಿದ್ದದ್ದು ಅದೇ ಹೊಸ್ತಿಲಿಗೆ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರು. ಆ ದಿನಗಳಲ್ಲಿ ನಾನು ಮಾಡಿದ ಸಾರನ್ನು ನೆನೆಸಿಕೊಂಡು ನಮ್ಮ ಮೊಮ್ಮಗ ಈಗಲೂ ನಗುತ್ತಾನೆ.

ಆಗ ನಮ್ಮ ಮನೆಯಲ್ಲಿ ಒಂದು ಸ್ಮಾರ್ಟ್ ಬಲ್ಬು ಇತ್ತು! ಮಗ ಪ್ರೀತಿಯಿಂದ ತಂದು ಹಾಕಿದ್ದ. ಯಾರಾದರೂ ಓಡಾಡಿದರೆ ಸೆನ್ಸರ್ ಗಮನಿಸಿ ದೀಪ ತಾನೇ ಹತ್ತಬೇಕು. ಆ ರಾತ್ರಿ ಹತ್ತಲಿಲ್ಲ. ‘ಇನ್ನೇನು ಹತ್ತುತ್ತೆ’ ಎಂದುಕೊಂಡು ಅವಳು ಕತ್ತಲಲ್ಲೇ ಹೆಜ್ಜೆ ಇಟ್ಟಳು.

ಯಾಕೆ ಹತ್ತಲಿಲ್ಲ ಎಂದು ಎಂಟನೇ ಕ್ಲಾಸಿನ ಮೊಮ್ಮಗನೇ ಪತ್ತೆ ಮಾಡಿದ. ಸೆನ್ಸರ್ ಕೊಟ್ಟ ಸುದ್ದಿ ಹತ್ತು ಅಡಿ ದೂರದ ಬಲ್ಬಿಗೆ ನೇರವಾಗಿ ಹೋಗುತ್ತಿರಲಿಲ್ಲ. ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಪಡೆದು ವಾಪಸು ಬರಬೇಕಿತ್ತು. ಆ ರಾತ್ರಿ ಇಂಟರ್ನೆಟ್ ಹೋಗಿತ್ತು. ಪಕ್ಕದ ಕೌಂಟರಿನವರಿಗೆ ಒಂದು ಚೀಟಿ ಕೊಡಲು ಹೆಡ್ ಆಫೀಸಿಗೆ ಟಪಾಲು ಹಾಕಿದ ಹಾಗಾಯಿತು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಇದು ಕೂಡಲೇ ಅರ್ಥವಾಯಿತು, ಸಿಟ್ಟೂ ಬಂತು.

‘ತಾತ, ನಾವೇ ಮಾಡೋಣ’ ಎಂದ ಮೊಮ್ಮಗ. ‘ಮಾಡಿ, ಬೇಡ ಅನ್ನಲ್ಲ. ಆದರೆ ಗೋಡೆ ಮೇಲಿನ ಸ್ವಿಚ್ಚು ಒತ್ತಿದರೆ ದೀಪ ಹತ್ತಲೇಬೇಕು’ ಎಂದಳು ಅಜ್ಜಿ. ಆ ಷರತ್ತಿಗಿಂತ ಒಳ್ಳೆಯ ನಿಯಮವನ್ನು ನಾನು ಇದುವರೆಗೆ ಯಾವ ಪುಸ್ತಕದಲ್ಲೂ ಓದಿಲ್ಲ.

ಮಕ್ಕಳೇ, ಇಂಥ ಕೆಲಸಕ್ಕೆ ಎರಡು ಆಯ್ಕೆ ಮಾಡಿಕೊಳ್ಳಬೇಕು. ಮನೆಯಲ್ಲಿ ಯಜಮಾನಿಕೆ ಯಾರದು ಎನ್ನುವುದು ಒಂದು, ಅದು ಕಂಟ್ರೋಲರ್. ಯಜಮಾನನೂ ಆಳುಗಳೂ ಯಾವ ಭಾಷೆಯಲ್ಲಿ ಮಾತಾಡಬೇಕು ಎನ್ನುವುದು ಇನ್ನೊಂದು, ಅದು ಪ್ರೊಟೊಕಾಲ್. ಈ ಮಾತುಕತೆ ಹೊಸದೇನಲ್ಲ. 1975ರಲ್ಲೇ ಸ್ಕಾಟ್ಲೆಂಡಿನ ಪೈಕೋ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ ಎಕ್ಸ್10 ಎಂಬ ಭಾಷೆ ರೂಪಿಸಿತ್ತು. ಅದರಲ್ಲಿ ಸುದ್ದಿ ಹೋಗುತ್ತಿದ್ದದ್ದು ಮನೆಯ ಕರೆಂಟಿನ ತಂತಿಯಲ್ಲೇ.

ಈಗಿನ ಭಾಷೆಗಳಲ್ಲಿ ವೈಫೈ ಎಲ್ಲರಿಗೂ ಗೊತ್ತು. ರೂಟರ್ ಹೇಗೂ ಇರುತ್ತದೆ, ಹೊಸದೇನೂ ಕೊಳ್ಳಬೇಕಿಲ್ಲ. ಆದರೆ ವೈಫೈಗೆ ಹಸಿವು ಜಾಸ್ತಿ. ಸಣ್ಣ ಸೆಲ್ಲಿನ ಮೇಲೆ ನಡೆಯಬೇಕಾದ ಸೆನ್ಸರಿಗೆ ಅದು ಹೊಂದುವುದಿಲ್ಲ.

ಝಡ್‌-ವೇವ್ ಎಂಬುದರ ಕಥೆಯಲ್ಲಿ ನನಗೇ ಪೆಟ್ಟು ಬಿತ್ತು. ಅಮೆರಿಕದಲ್ಲಿರುವ ಮಗಳು ಅಲ್ಲಿಂದ ಎರಡು ಝಡ್‌-ವೇವ್ ಸ್ವಿಚ್ಚು ತಂದಳು. ನೋಡಿದರೆ ಅಲ್ಲಿ ಅದರ ರೇಡಿಯೋ ತರಂಗ 908.42 ಮೆಗಾಹರ್ಟ್ಸ್, ಭಾರತದಲ್ಲಿ 865.2. ಧಾರವಾಡ ಆಕಾಶವಾಣಿ ಹಾಕಿ ಬೆಂಗಳೂರು ಕೇಳುತ್ತೇನೆಂದರೆ ಆಗುತ್ತದೆಯೇ? ಸಾಲದ್ದಕ್ಕೆ ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಎರಡೂ ಸ್ವಿಚ್ಚು ಡಬ್ಬಿ ಸಮೇತ ಅಟ್ಟದ ಮೇಲಿವೆ. ಭಾಷೆ ಒಳ್ಳೆಯದೇ, ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಆದರೆ ನಮ್ಮ ದೇಶಕ್ಕೆಂದು ಮಾಡಿದ್ದನ್ನೇ ಕೊಳ್ಳಬೇಕು.

ಕೊನೆಗೆ ನಾವು ಆರಿಸಿಕೊಂಡದ್ದು ಜಿಗ್ಬೀ. ಗೂಡಿಗೆ ಮರಳಿದ ಜೇನ್ನೊಣ ಹೂವಿನ ಸುದ್ದಿಯನ್ನು ಕುಣಿದು ತಿಳಿಸುತ್ತದಲ್ಲ, ಆ ಅಂಕುಡೊಂಕು ಕುಣಿತದಿಂದ ಬಂದ ಹೆಸರಿದು. ಇದರ ಸೊಗಸು ಎಂದರೆ, ಕರೆಂಟಿಗೆ ಸಿಕ್ಕಿಸಿದ ಜಿಗ್ಬೀ ಪ್ಲಗ್ಗುಗಳು ಬೇರೆಯವರ ಸುದ್ದಿಯನ್ನೂ ಕೈಯಿಂದ ಕೈಗೆ ದಾಟಿಸುತ್ತವೆ. ಸೆಲ್ಲಿನ ಮೇಲೆ ನಡೆಯುವ ಸೆನ್ಸರುಗಳು ಮಾತ್ರ ತಮ್ಮ ಸುದ್ದಿ ಹೇಳಿ ಮಲಗಿಬಿಡುತ್ತವೆ. ಅದಕ್ಕೇ ಒಂದು ಬಿಲ್ಲೆ ಸೆಲ್ಲು ತಿಂಗಳುಗಟ್ಟಲೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಂಟ್ರೋಲರ್ ಮನೆಯೊಳಗೇ ಇದ್ದರೆ ಇಂಟರ್ನೆಟ್ ಬೇಕಾಗಿಲ್ಲ, ರೂಟರೂ ಬೇಕಾಗಿಲ್ಲ. 2022ರಲ್ಲಿ ಮ್ಯಾಟರ್ ಎಂಬ ಹೊಸ ಒಪ್ಪಂದವೂ ಬಂದಿದೆ. ಬೇರೆ ಬೇರೆ ಕಂಪನಿಗಳ ಸಾಮಾನು ಒಂದೇ ಮಾತಾಡಲಿ ಎಂಬುದು ಅದರ ಉದ್ದೇಶ. ನಾನು ಇನ್ನೂ ಕಾದು ನೋಡುತ್ತಿದ್ದೇನೆ. ಹೊಸ ಸಾಲಗಾರನಿಗೆ ಮೊದಲ ದಿನವೇ ದೊಡ್ಡ ಮೊತ್ತ ಕೊಡುವ ಅಭ್ಯಾಸ ನನಗಿಲ್ಲ.

ಕಂಟ್ರೋಲರಿಗೆ ರಾಸ್ಪ್‌ಬೆರಿ ಪೈ ತಂದೆವು. ಇಸ್ಪೀಟಿನ ಕಟ್ಟಿನಷ್ಟು ಅಗಲದ ಕಂಪ್ಯೂಟರು, ಮಕ್ಕಳು ಕಲಿಯಲೆಂದು ಇಂಗ್ಲೆಂಡಿನಲ್ಲಿ 2012ರಲ್ಲಿ ಹುಟ್ಟಿದ್ದು. ಅದರೊಳಗೆ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ. ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿನಲ್ಲೂ ಅದು ನಡೆಯುತ್ತಿತ್ತು, ಆದರೆ ಮೊಮ್ಮಗನಿಗೆ ಲೆಕ್ಕ ಹಾಕಲು ಹೇಳಿದೆ. ಲ್ಯಾಪ್‌ಟಾಪಿಗೆ 15 ವ್ಯಾಟ್ ಎಂದರೆ ದಿನವಿಡೀ ನಡೆದು ತಿಂಗಳಿಗೆ 10.8 ಯೂನಿಟ್. ಪೈಗೆ 5 ವ್ಯಾಟ್ ಎಂದರೆ 3.6 ಯೂನಿಟ್. ನೀವೂ ಒಮ್ಮೆ ಗುಣಿಸಿ ನೋಡಿ.

ಕೆಲಸ ಶುರುವಾದ ದಿನವೇ ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡು ಬಿಚ್ಚಿ, ‘ಸಾರ್, ಇದರಲ್ಲಿ ನ್ಯೂಟ್ರಲ್ ಇಲ್ಲ’ ಎಂದ. ಹಳೇ ಮನೆಗಳಲ್ಲಿ ಸ್ವಿಚ್ಚಿಗೆ ಫೇಸ್ ತಂತಿ ಮಾತ್ರ ಬಂದಿರುವುದುಂಟು. ಸ್ಮಾರ್ಟ್ ಸ್ವಿಚ್ಚುಗಳು ಬಹುಮಟ್ಟಿಗೆ ನ್ಯೂಟ್ರಲ್ ಕೇಳುತ್ತವೆ. ಗೋಡೆ ಒಡೆಸಲು ನನ್ನಾಕೆ ಒಪ್ಪಲಿಲ್ಲ. ಆಗ ಹೊಳೆಯಿತು, ಮೂರು ಪಿನ್ನಿನ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದಲ್ಲ! ಮಂಚದ ಕೆಳಗೆ ಸೆನ್ಸರ್, ನಡುಮನೆಯ ಸಾಕೆಟ್ಟಿಗೆ ಜಿಗ್ಬೀ ಪ್ಲಗ್ಗು, ಅದಕ್ಕೊಂದು ಸಣ್ಣ ರಾತ್ರಿದೀಪ. ಗೋಡೆಯ ಸ್ವಿಚ್ಚು, ದೊಡ್ಡ ದೀಪ ಮೊದಲಿನಂತೆಯೇ ಉಳಿದವು. ಅಜ್ಜಿಯ ಷರತ್ತೂ ಉಳಿಯಿತು.

ಆದರೂ ವಾರಕ್ಕೊಮ್ಮೆ ಸುದ್ದಿ ತಪ್ಪುತ್ತಿತ್ತು. ಜಿಗ್ಬೀ ಕಡ್ಡಿಯನ್ನು ಪೈನ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೇ ನೇರ ಚುಚ್ಚಿದ್ದೆವು. ಆ ವೇಗದ ಕಿಂಡಿಯ ಗದ್ದಲ ಜಿಗ್ಬೀಯ ಪಿಸುಮಾತನ್ನು ಮುಚ್ಚಿಹಾಕುತ್ತದೆ. ಒಂದು ಗಜದ ತಂತಿ ಹಾಕಿ, ಕಡ್ಡಿಯನ್ನು ಕಪ್ಪು ಕಿಂಡಿಗೆ ಬದಲಿಸಿ ದೂರ ಇಟ್ಟ ಮೇಲೆ ಸರಿಹೋಯಿತು. ಆಮೇಲೊಂದು ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಪೈನ ಮೆಮೊರಿ ಕಾರ್ಡೇ ಕೆಟ್ಟಿತು. ಬರೆದದ್ದೆಲ್ಲ ಹೋಯಿತು. ದಿನದ ಲೆಕ್ಕ ತಾಳೆಯಾಗದೆ ಬ್ಯಾಂಕಿನ ಬಾಗಿಲು ಹಾಕದಿದ್ದ ನಾನು ಒಂದು ನಕಲೂ ಇಟ್ಟಿರಲಿಲ್ಲ, ನಾಚಿಕೆಯಾಯಿತು. ಈಗ ಕಾರ್ಡಿನ ಬದಲು ಎಸ್‌ಎಸ್‌ಡಿ ಇದೆ, ಪ್ರತಿ ರಾತ್ರಿ ನಕಲು ಆ ಹಳೇ ಲ್ಯಾಪ್‌ಟಾಪಿಗೆ ಹೋಗುತ್ತದೆ, ಪೈ ಮತ್ತು ರಾತ್ರಿದೀಪ ಎರಡೂ ಯುಪಿಎಸ್ ಲೈನಿನಲ್ಲಿವೆ.

ಮೊಮ್ಮಗನಿಗೆ ಸಂಪಿನ ಮೋಟರನ್ನೂ ಜೋಡಿಸುವ ಆಸೆ. ಅವನು ತಂದ ಸಣ್ಣ ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿತ್ತು. ನಮ್ಮ ಒಂದು ಎಚ್‌ಪಿ ಮೋಟರು ಓಡುವಾಗ ಅದಕ್ಕಿಂತ ಕಡಿಮೆಯೇ ಎಳೆಯುತ್ತದೆ. ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ, ರಿಲೇ ಸುಟ್ಟುಹೋಗಬಹುದು. ಅದಕ್ಕೆ ಕಾಂಟ್ಯಾಕ್ಟರ್ ಬೇಕು, ಅದನ್ನು ಎಲೆಕ್ಟ್ರಿಷಿಯನ್ನೇ ಹಾಕಬೇಕು. ಮಕ್ಕಳೇ, 230 ವೋಲ್ಟಿನ ತಂತಿಗೆ ನೀವು ಕೈ ಹಾಕಕೂಡದು, ತಾತ ಜೊತೆಗಿದ್ದರೂ ಕೂಡದು.

ಒಂದು ಚಿಂತೆ ನನಗುಳಿದಿತ್ತು. ನನಗೆ ಎಪ್ಪತ್ತನಾಲ್ಕು. ನಾನಿಲ್ಲದ ದಿನ ಇದನ್ನು ನಡೆಸುವವರು ಯಾರು? ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದು ಗೆರೆ ಹಾಕಿದೆ: ಸಾಮಾನು, ಇರುವ ಜಾಗ, ಸೆಲ್ಲಿನ ನಮೂನೆ, ಬದಲಿಸಿದ ದಿನ, ಬದಲಿಸಿದವರು, ಪರಿಶೀಲಿಸಿದವರು. ಕಳೆದ ಭಾನುವಾರ ಮಂಚದ ಕೆಳಗಿನ ಸೆಲ್ಲು ಬದಲಿಸಿದ್ದು ಮೊಮ್ಮಗ. ಕೊನೆಯ ಅಂಕಣದಲ್ಲಿ ಅಜ್ಜಿ ರುಜು ಹಾಕಿದ್ದಾಳೆ, ಬಲಗೈಯಲ್ಲಿ.