ಬೇರೆ ತಯಾರಿಕೆಯ ಚಾಲನಾಂಗಗಳೂ ಟ್ರಕ್ಕಿನ ವೇಗಮಾಪಕವೂ

ಹಳೆಯ ಟ್ರಕ್ಕೊಂದರ ಎಂಜಿನು, ಗೇರುಪೆಟ್ಟಿಗೆ, ಹಿಂದಿನ ಆಕ್ಸಲುಗಳನ್ನು ತೆಗೆದು ಮತ್ತೊಂದು ತಯಾರಿಕೆಯವನ್ನು ಅಳವಡಿಸುವ ರೂಢಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯು ೧೯೮೦ರವರೆಗೆ ತಯಾರಿಸುತ್ತಿದ್ದ ಸ್ಕೌಟ್ ಬಂಡಿಗೆ ಜನರಲ್ ಮೋಟಾರ್ಸ್‌ನವರ ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಕೂಡಿಸುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಈ ಕಾರ್ಯದಲ್ಲಿ ವೇಗಮಾಪಕಕ್ಕೆ ಸಲ್ಲುವ ಗಮನ ಅತ್ಯಲ್ಪ. ಆಕ್ಸಲಿನ ಪ್ರಮಾಣ ೪.೧೦ ಇದ್ದೆಡೆಯಲ್ಲಿ ೩.೦೮ ಬಂದಿತೆನ್ನೋಣ. ಉಳಿದುದು ಹಾಗೆಯೇ ಇದ್ದರೆ, ಮುಳ್ಳು ೬೦ ಮೈಲಿ ತೋರುವಾಗ ಬಂಡಿಯ ನಿಜವಾದ ವೇಗ ಸುಮಾರು ೮೦ ಮೈಲಿ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಬ್ರೇಕುಗಳು ಅಡಗಿಸಬೇಕಾದ ಶಕ್ತಿ ಚಾಲಕನು ಎಣಿಸಿದುದಕ್ಕಿಂತ ಮುಕ್ಕಾಲು ಪಾಲು ಅಧಿಕವಾಗಿರುತ್ತದೆ.

ಆಟೊ ಷುಲ್ಟ್ಸೆ ಎಂಬಾತನು ೧೯೦೨ರಲ್ಲಿ ಜರ್ಮನಿಯಲ್ಲಿ ಪೇಟೆಂಟು ಪಡೆದ ತತ್ತ್ವವೇ ಈ ಬಗೆಯ ಯಂತ್ರಕ್ಕೆ ಆಧಾರ. ಗೇರುಪೆಟ್ಟಿಗೆಯಿಂದ ಬರುವ ಕೇಬಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದಿರುವ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿವಿದ್ಯುತ್ತು ಹುಟ್ಟಿ, ಬಟ್ಟಲನ್ನು ಅಯಸ್ಕಾಂತದೊಡನೆ ಎಳೆಯುತ್ತದೆ. ನವುರಾದ ಸ್ಪ್ರಿಂಗೊಂದು ಅದನ್ನು ತಡೆಹಿಡಿಯುತ್ತದೆ. ಈ ಎರಡರ ಸಮತೋಲವೇ ಮುಳ್ಳಿನ ಸ್ಥಾನ. ಮೈಲಿಗಳನ್ನು ಎಣಿಸುವ ಭಾಗವಾದರೋ ಅದೇ ಕೇಬಲಿಗೆ ಹಲ್ಲುಚಕ್ರಗಳಿಂದ ನೇರವಾಗಿ ಬಿಗಿಯಲ್ಪಟ್ಟಿದೆ. ಆದಕಾರಣ ಮುಳ್ಳನ್ನು ಕಿತ್ತು ಸ್ವಲ್ಪ ಓರೆಯಾಗಿ ನಾಟುವುದರಿಂದ ದೋಷ ಪರಿಹಾರವಾಗದು. ಹಾಗೆ ಮಾಡಿದರೆ ಎಲ್ಲ ವೇಗಗಳಿಗೂ ಒಂದೇ ಮೊತ್ತ ಕೂಡುತ್ತದೆ ಅಥವಾ ಕಳೆಯುತ್ತದೆ. ಇರುವ ದೋಷವಾದರೋ ಪ್ರಮಾಣಕ್ಕೆ ಸಂಬಂಧಿಸಿದ್ದು. ಅಯಸ್ಕಾಂತದ ಬಲವನ್ನು ತಿದ್ದಿ ಮುಳ್ಳನ್ನು ಸರಿಪಡಿಸಿದರೂ ಮೈಲಿಯ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ. ತಿದ್ದತಕ್ಕದ್ದು ಕೇಬಲಿನ ಸುತ್ತುಗಳನ್ನು.

ಅಮೆರಿಕದ ಟ್ರಕ್ಕುಗಳಲ್ಲಿ ಕೇಬಲು ಮೈಲಿಗೆ ಸುಮಾರು ೧೦೦೦ ಸುತ್ತು ತಿರುಗಬೇಕೆಂಬುದು ಸಾಮಾನ್ಯ ನಿಯಮ. ತಯಾರಿಕೆಗಳು ಬೇರೆಯಾದರೂ ಮಾಪಕಗಳು ಈ ವಿಷಯದಲ್ಲಿ ಬಹುಮಟ್ಟಿಗೆ ಏಕಾಭಿಪ್ರಾಯದವು. ಇದು ಕೆಲಸವನ್ನು ಬಹಳ ಹಗುರಗೊಳಿಸುತ್ತದೆ. ಗೇರುಪೆಟ್ಟಿಗೆಯ ಹೊರದಂಡದ ಮೇಲೆ ಚಾಲಕಚಕ್ರವೊಂದು, ಕೇಬಲಿನ ತುದಿಯಲ್ಲಿ ಅನುಚಕ್ರವೊಂದು ಇರುತ್ತವೆ. ಚಾಲಕಚಕ್ರದ ಹಲ್ಲುಗಳ ಸಂಖ್ಯೆ, ಆಕ್ಸಲಿನ ಪ್ರಮಾಣ, ಟೈರು ಮೈಲಿಗೆ ಸುತ್ತುವ ಸಂಖ್ಯೆ, ಈ ಮೂರನ್ನೂ ಗುಣಿಸಿ ೧೦೦೦ದಿಂದ ಭಾಗಿಸಿದರೆ ಅನುಚಕ್ರಕ್ಕೆ ಬೇಕಾದ ಹಲ್ಲುಗಳು ದೊರೆಯುತ್ತವೆ. ಚಾಲಕಚಕ್ರಕ್ಕೆ ೮ ಹಲ್ಲು, ಆಕ್ಸಲು ೩.೭೩, ಟೈರು ಮೈಲಿಗೆ ೬೯೦ ಸುತ್ತು ಎಂದಿಟ್ಟುಕೊಂಡರೆ ಉತ್ತರ ೨೦.೫೯. ಅರ್ಧ ಹಲ್ಲಿನ ಚಕ್ರವನ್ನು ಯಾರೂ ಮಾಡಿಕೊಡಲಾರರು! ೨೧ನ್ನು ಆರಿಸಿದರೆ ೬೦ ಮೈಲಿ ವೇಗಕ್ಕೆ ಮುಳ್ಳು ೫೮.೮ ತೋರುತ್ತದೆ, ೨೦ನ್ನು ಆರಿಸಿದರೆ ೬೧.೮. ಲೆಕ್ಕಕ್ಕೆ ೨೧ ಸಮೀಪವಾದರೂ ನಮ್ಮ ಮತದಲ್ಲಿ ೨೦ನ್ನೇ ಹಾಕುವುದು ಲೇಸು. ವಿಶ್ವಸಂಸ್ಥೆಯ ಯೂರೋಪ್ ಆಯೋಗದ ೩೯ನೆಯ ನಿಯಮಾವಳಿಯೂ ತೋರುವ ವೇಗ ನಿಜವೇಗಕ್ಕಿಂತ ಕಡಿಮೆಯಾಗಕೂಡದೆಂದು ವಿಧಿಸುತ್ತದೆ.

ಟೈರಿನ ಸುತ್ತುಗಳನ್ನು ವ್ಯಾಸದಿಂದ ಗುಣಿಸಿ ತೆಗೆದರೆ ಸಾಲದು. ಭಾರ ಬಿದ್ದಾಗ ಟೈರು ಕುಗ್ಗುವುದರಿಂದ ಸುತ್ತುಗಳು ಹೆಚ್ಚುತ್ತವೆ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಬಂಡಿಯನ್ನು ಹತ್ತು ಸುತ್ತು ಮುಂದಕ್ಕೆ ತಳ್ಳಿ ಅಳೆಯುವುದು ಉತ್ತಮ.

ಜೋಡಣೆಯ ತೊಡಕುಗಳು ಬೇರೆ ಬಗೆಯವು. ಜನರಲ್ ಮೋಟಾರ್ಸ್‌ನವರ ಕೇಬಲು ಮರೆಯುಳ್ಳ ನಟ್ಟಿನಿಂದ ಬಿಗಿಯಲ್ಪಡುತ್ತದೆ. ಫೋರ್ಡ್‌ನವರಲ್ಲಿ ಅನುಚಕ್ರವೇ ಕೇಬಲಿನ ತುದಿಯಲ್ಲಿ ಕೂತು ಪೆಟ್ಟಿಗೆಯೊಳಕ್ಕೆ ಸೇರುತ್ತದೆ, ಹಿಡಿತದ ತಗಡೊಂದು ಅದನ್ನು ನಿಲ್ಲಿಸುತ್ತದೆ. ಆದುದರಿಂದ ಒಂದು ತುದಿ ಒಬ್ಬರದು, ಇನ್ನೊಂದು ತುದಿ ಮತ್ತೊಬ್ಬರದು ಆಗಿರುವ ಕೇಬಲನ್ನು ಮಾಡಿಸಬೇಕಾಗುತ್ತದೆ. ಕ್ರೈಸ್ಲರ್‌ನವರ ಟಾರ್ಕ್‌ಫ್ಲೈಟ್ ಪೆಟ್ಟಿಗೆಯಲ್ಲಿ ಅನುಚಕ್ರದ ಗೂಡು ಕೇಂದ್ರ ತಪ್ಪಿ ಕೊರೆದದ್ದು. ಹಲ್ಲುಗಳ ಸಂಖ್ಯೆಗೆ ತಕ್ಕಂತೆ ಅದನ್ನು ತಿರುಗಿಸಿ ಗುರುತಿಗೆ ಕೂಡಿಸದಿದ್ದರೆ ಹಲ್ಲುಗಳು ಬೇಗನೆ ಸವೆದುಹೋಗುತ್ತವೆ. ಹಲ್ಲುಗಳ ಓರೆ ವಿರುದ್ಧವಾದರೆ ಕೇಬಲು ಹಿಮ್ಮುಖವಾಗಿ ತಿರುಗಿ ಮುಳ್ಳು ಸೊನ್ನೆಯನ್ನು ಬಿಟ್ಟೇಳದು. ಬೇಕಾದ ಅನುಚಕ್ರ ದೊರೆಯದಿದ್ದಲ್ಲಿ ಕೇಬಲಿನ ನಡುವೆ ಸಣ್ಣ ಪ್ರಮಾಣಪೆಟ್ಟಿಗೆಯೊಂದನ್ನು ಸೇರಿಸುವುದುಂಟು.

ನಾಲ್ಕು ಚಕ್ರಗಳ ಚಾಲನೆಯ ಬಂಡಿಯಲ್ಲಿ ಕೇಬಲು ಸಾಮಾನ್ಯವಾಗಿ ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಭಾಗದಿಂದ ಹೊರಡುತ್ತದೆ. ಹಳೆಯ ಟ್ರಾನ್ಸ್‌ಫರ್ ಪೆಟ್ಟಿಗೆ, ಆಕ್ಸಲು, ಟೈರುಗಳು ಹಾಗೆಯೇ ಉಳಿದರೆ ಮುಂದಿನ ಎಂಜಿನು ಯಾರದಾದರೇನು, ವೇಗಮಾಪಕವನ್ನು ಮುಟ್ಟಬೇಕಾಗಿಲ್ಲ. ಆ ಪೆಟ್ಟಿಗೆಗಿಂತ ಮುಂದಿನಿಂದ ಕೇಬಲನ್ನು ತೆಗೆದರೆ, ತಗ್ಗಿನ ಗೇರಿನಲ್ಲಿ ಮುಳ್ಳು ಆ ಗೇರಿನ ಪ್ರಮಾಣದಷ್ಟೇ ಉತ್ಪ್ರೇಕ್ಷೆ ಮಾಡುತ್ತದೆ.

ಈಚಿನ ಚಾಲನಾಂಗಗಳಲ್ಲಿ ಕೇಬಲಿಗೆ ಬದಲು ವಿದ್ಯುತ್ ಮಿಡಿತಗಳುಂಟು. ಜನರಲ್ ಮೋಟಾರ್ಸ್‌ನವರ ವಿದ್ಯುನ್ಮಾಪಕ ಮೈಲಿಗೆ ೪೦೦೦ ಮಿಡಿತಗಳನ್ನೂ ಫೋರ್ಡ್‌ನವರದು ೮೦೦೦ವನ್ನೂ ನಿರೀಕ್ಷಿಸುತ್ತದೆ. ಮೊದಲನೆಯವರ ಮಿಡಿತವನ್ನು ಎರಡನೆಯವರ ಮಾಪಕಕ್ಕೆ ಕೊಟ್ಟರೆ ವೇಗ ಅರ್ಧವಾಗಿ ಕಾಣುತ್ತದೆ. ಹೊರದಂಡದಲ್ಲಿರುವ ೪೦ ಹಲ್ಲಿನ ಉಂಗುರವಾದರೋ ಮೇಲಿನ ಲೆಕ್ಕದ ಬಂಡಿಯಲ್ಲಿ ಮೈಲಿಗೆ ಒಂದು ಲಕ್ಷಕ್ಕೂ ಮಿಕ್ಕ ಮಿಡಿತಗಳನ್ನು ಕೊಡುತ್ತದೆ. ನಡುವೆ ಪರಿವರ್ತಕವೊಂದು ಅನಿವಾರ್ಯ. ಇಲ್ಲಿ ಅರ್ಧ ಹಲ್ಲಿನ ತೊಂದರೆಯಿಲ್ಲ. ಯಾವ ಪ್ರಮಾಣವನ್ನಾದರೂ ಗೊತ್ತುಪಡಿಸಬಹುದು. ಹಳೆಯ ಮಾಪಕವನ್ನೇ ಉಳಿಸಬೇಕೆನ್ನುವವರಿಗೆ, ಮಿಡಿತಗಳನ್ನು ಎಣಿಸಿ ಪುಟ್ಟ ಮೋಟಾರಿನಿಂದ ಕೇಬಲನ್ನು ತಿರುಗಿಸುವ ಸಾಧನವೂ ಇದೆ.

ಕೆಲಸ ಮುಗಿದ ಬಳಿಕ ಅಳತೆ ತಿಳಿದ ಒಂದು ಮೈಲಿಯನ್ನು ಸ್ಥಿರವೇಗದಲ್ಲಿ ಕ್ರಮಿಸಿ, ಹಿಡಿದ ಸೆಕೆಂಡುಗಳಿಂದ ೩೬೦೦ವನ್ನು ಭಾಗಿಸಿದರೆ ನಿಜವೇಗ ತಿಳಿಯುತ್ತದೆ. ಉಪಗ್ರಹಗಳ ನೆರವಿನ ಸಾಧನವಿದ್ದರೆ ಇನ್ನೂ ಸುಲಭ. ಟ್ರಕ್ಕು ವಾಡಿಕೆಯಾಗಿ ಹೊರುವ ಭಾರವನ್ನು ಹೇರಿಯೇ, ಟೈರುಗಳಿಗೆ ತಕ್ಕ ಗಾಳಿ ತುಂಬಿಯೇ ಈ ಪರೀಕ್ಷೆಯನ್ನು ನಡೆಸತಕ್ಕದ್ದು.